ಹುಳು ಪಾಸು ಮಾಡಿದ ವ್ಯಾನು

ವಿದ್ಯಾರ್ಥಿನಿಯರ ಹಾಸ್ಟೆಲ್, ರೂಮ್ ನಂಬರ್ 14
ಚಿಕ್ಕಬಳ್ಳಾಪುರ
8 ಜೂನ್ 2025, ಭಾನುವಾರ

ನನ್ನ ತರನ್ನುಮ್,

ಮೊದಲು ಮನಸಾರೆ ಬೈದುಬಿಡು, ಆಮೇಲೆ ಓದು. ನಿನ್ನ ಪತ್ರ ಬಂದು ಹದಿನೆಂಟು ದಿನವಾಯಿತು. ಇಂಟರ್ನಲ್ಸ್ ಇತ್ತು, ಕೆಮಿಸ್ಟ್ರಿ ರೆಕಾರ್ಡ್ ಬಾಕಿ ಇತ್ತು ಎಂದೆಲ್ಲ ಹೇಳಬಹುದು. ನಿಜ ಏನೆಂದರೆ ಮೂರು ಸಲ ಬರೆಯಲು ಕೂತು ಮೂರು ಸಲವೂ ಹರಿದೆ. ಫಸ್ಟ್ ಇಯರ್ ಬಗ್ಗೆ ಬರೆಯಲು ಹೋದರೆ ಬರೀ ಅಳುಮೋರೆಯ ಪತ್ರವಾಗುತ್ತಿತ್ತು. ನೀನು ಆ ಕೋಚಿಂಗ್ ಹಾಸ್ಟೆಲ್ಲಿನಲ್ಲಿ ಫೋನೂ ಇಲ್ಲದೆ ದಿನಕ್ಕೆ ಹದಿನಾಲ್ಕು ಗಂಟೆ ಓದುತ್ತಿರುವಾಗ ನನ್ನ ಗೋಳು ಯಾಕೆ? ನಿಮ್ಮ ವಾರ್ಡನ್ ಪತ್ರ ಒಡೆದು ಓದುತ್ತಾರಂತಲ್ಲ, ಅವರಿಗೂ ನಮಸ್ಕಾರ ಹೇಳು.

ಇವತ್ತು ಮಾತ್ರ ಖುಷಿಯ ಸುದ್ದಿ. ನಮ್ಮ ಮನೆಗೆ ಗಾಡಿ ಬರುತ್ತಿದೆ ಕಣೇ! ನಾಲ್ಕು ಚಕ್ರದ್ದು, ಬಾಗಿಲು ಇರುವಂಥದ್ದು! ಪೆರೇಸಂದ್ರದ ಹೈವೇಯಿಂದ ನಮ್ಮ ಊರಿಗೆ ಮೂರು ಕಿಲೋಮೀಟರ್ ಮಣ್ಣಿನ ದಾರಿ ಇದೆಯಲ್ಲ, ಅಣ್ಣನ ಬೈಕಿನ ಹಿಂದೆ ಕೂತು ಬರುವಾಗ ನೀನು ನನ್ನ ಸೊಂಟ ಹಿಡಿದು ಕಿರುಚಿದ್ದೆಯಲ್ಲ, ಆ ದಾರಿಯಲ್ಲಿ ಇನ್ನು ಕಿಟಕಿ ಗಾಜು ಏರಿಸಿಕೊಂಡು ಹೋಗಬಹುದು.

ಎಲ್ಲವೂ ಪಾಪುವಿಗಾಗಿ. ಶಿರೀಷಾ ಅತ್ತಿಗೆ ಇನ್ನೂ ಗೌರಿಬಿದನೂರಿನ ತವರಲ್ಲೇ ಇದ್ದಾರೆ. ಪಾಪುವಿಗೆ ಐದನೇ ತಿಂಗಳು ನಡೆಯುತ್ತಿದೆ. ಬಾಣಂತಿಯನ್ನು ಬೆಸ ತಿಂಗಳಲ್ಲೇ ಕರೆದುಕೊಂಡು ಬರಬೇಕು ಎನ್ನುವುದು ನಮ್ಮಮ್ಮನ ಲೆಕ್ಕ. ಇಪ್ಪತ್ತಾರಕ್ಕೆ ಆಷಾಢ ಶುರು. ಆಮೇಲೆ ಒಂದು ತಿಂಗಳು ಸೊಸೆಯನ್ನೂ ಕರೆತರುವಂತಿಲ್ಲ, ಹೊಸ ಗಾಡಿಯನ್ನೂ ತರುವಂತಿಲ್ಲ. ಆಗಸ್ಟಿನಲ್ಲಿ ಅತ್ತಿಗೆ ಚಿಕ್ಕಬಳ್ಳಾಪುರದ ಆಫೀಸಿಗೆ ವಾಪಸ್ ಹಾಜರಾಗಬೇಕು. ಹಾಲು ಕುಡಿಯುವ ಕೂಸನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ ಅಂದಿದ್ದಾರೆ. ಪಾಪು, ಪಾಪುವನ್ನು ನೋಡಿಕೊಳ್ಳಲು ನಮ್ಮ ದೊಡ್ಡಮ್ಮ ಓಬಳಮ್ಮ, ಇಬ್ಬರೂ ದಿನಾ ಜೊತೆಗೆ ಹೋಗಿ ಜೊತೆಗೆ ಬರುವುದು. ಓಡಿಸುವುದು ಸ್ವತಃ ಅತ್ತಿಗೆ! ತವರಲ್ಲಿ ಕೂತೇ ಡ್ರೈವಿಂಗ್ ಕಲಿತುಬಿಟ್ಟಿದ್ದಾರೆ.

ಯಾವ ಗಾಡಿ ಅನ್ನುವುದರಲ್ಲಿ ಮನೆಯಲ್ಲಿ ಯುದ್ಧವೇ ನಡೆಯಿತು. ಅಣ್ಣನಿಗೆ ಪಿಕಪ್ ಬೇಕು. ದೂರದ ತೋಟದಿಂದ ರೇಷ್ಮೆ ಹುಳುವಿಗೆ ಹಿಪ್ಪುನೇರಳೆ ಸೊಪ್ಪು ತರಬೇಕು, ಗೂಡು ಬಿಡಿಸಿದ ಮೇಲೆ ನಿಮ್ಮ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಒಯ್ಯಬೇಕು. ಅಪ್ಪನಿಗೆ ಜೀಪು ಬೇಕು. ಕಾರಣ ಕೇಳಿದರೆ, “ಜೀಪು ಅಂದ್ರೆ ಜೀಪು ಕಣಮ್ಮ” ಎಂದು ಮೀಸೆ ತಿರುವುತ್ತಾರೆ. ಅತ್ತಿಗೆ ಫೋನಿನಲ್ಲೇ ತೀರ್ಪು ಕೊಟ್ಟರು.

“ನೋಡ್ರಿ, ಪಿಕಪ್ ತಂದ್ರೆ ನೀವೂ ನಿಮ್ಮ ಹುಳಾನೂ ಅದ್ರಲ್ಲಿ ಓಡಾಡ್ಕೊಂಡಿರಿ. ನಾನೂ ಪಾಪೂನೂ ಇಲ್ಲೇ ಇರ್ತೀವಿ. ಬಾಗಿಲು ಪಕ್ಕಕ್ಕೆ ಸರಿಯೋ ಥರದ್ದು ಬೇಕು. ಮಗು ಎತ್ಕೊಂಡು ಬಗ್ಗದೆ ಹತ್ತಬೇಕು. ಕ್ಲಚ್ಚು ನನ್ನ ಕಾಲಿಗೆ ಎಟುಕಬೇಕು.”

ಹಾಗಾಗಿ ವ್ಯಾನು. ಹಿಂದಿನ ಸೀಟು ಬಿಚ್ಚಿದರೆ ಸೊಪ್ಪು, ಹಾಕಿದರೆ ಸಂಸಾರ.

ನಿನ್ನೆ ಅಣ್ಣ, ಅಮ್ಮ, ನಾನು ಚಿಂತಾಮಣಿಗೆ ಹೋಗಿದ್ದೆವು, ಸೆಕೆಂಡ್ ಹ್ಯಾಂಡ್ ಗಾಡಿ ನಿಲ್ಲಿಸುವ ಒಂದು ಅಂಗಳಕ್ಕೆ. ಅಮ್ಮ ಏನು ತಂದಿದ್ದಳು ಗೊತ್ತಾ? ಪಾಪುವಿನ ತೂಕ ಆರೂವರೆ ಕೆಜಿ ಎಂದು ಅಷ್ಟೇ ರಾಗಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿ, ಮೇಲೆ ಕುಲಾವಿ ಹಾಕಿ, ಎದೆಗೆ ಒತ್ತಿಕೊಂಡು ಬಂದಿದ್ದಳು. ಒಂದೊಂದು ಗಾಡಿಗೂ ಅದನ್ನೆತ್ತಿಕೊಂಡು ಹತ್ತುವುದು, ಇಳಿಯುವುದು, “ಇದು ಮಂಡಿ ಹಿಡಿಯುತ್ತೆ”, “ಇದ್ರಲ್ಲಿ ತಲೆ ತಗುಲುತ್ತೆ” ಎನ್ನುವುದು. ಅಂಗಡಿಯವನು ಪಾಪ, ದನಿ ತಗ್ಗಿಸಿ ಕೇಳಿದ, “ಮಗು ಮಲಗಿದೆಯಾ ಅಮ್ಮ? ನೆರಳಿಗೆ ಕರ್ಕೊಂಡು ಬನ್ನಿ.”

“ಮಗು ಅಲ್ಲಪ್ಪ, ರಾಗಿ” ಅಂದಳು ಅಮ್ಮ. ನಾನು ಗಾಡಿಯ ಹಿಂದೆ ಅಡಗಿಕೊಂಡೆ.

ಒಂದು ಬಿಳಿ ವ್ಯಾನು ಅಮ್ಮನಿಗೂ ರಾಗಿಗೂ ಒಪ್ಪಿಗೆಯಾಯಿತು. ಎಂಜಿನ್ನನ್ನು ಅಣ್ಣನ ಸ್ನೇಹಿತ ನೋಡಿದ, ಚೆನ್ನಾಗಿದೆ ಅಂದ. ಆದರೆ ಅಣ್ಣನದು ಇನ್ನೊಂದು ಪರೀಕ್ಷೆ. ನೀನು ರೀಲಿಂಗ್ ಮನೆಯವಳು, ಗೂಡಿನಿಂದ ನೂಲು ಬಿಚ್ಚುವುದನ್ನು ನೋಡಿ ಬೆಳೆದವಳು, ಹುಳುವಿನ ನಾಜೂಕು ನಿನಗೆ ಗೊತ್ತಿರಲಾರದು. ಔಷಧಿ ಹೊಡೆದ ಹೂವೋ ಟೊಮ್ಯಾಟೊವೋ ತುಂಬಿದ್ದ ಗಾಡಿಯಲ್ಲಿ ಸೊಪ್ಪು ತಂದರೆ ಹುಳು ಉಳಿಯುವುದಿಲ್ಲ. ಅದಕ್ಕೆ ಅಣ್ಣ ಮನೆಯಿಂದ ತಂದಿದ್ದ ಸೊಪ್ಪನ್ನು ವ್ಯಾನಿನ ನೆಲದ ಮೇಲೆ ಹಾಸಿ, ಬಾಗಿಲು ಹಾಕಿಸಿ, ಮೂರು ಗಂಟೆ ಬಿಟ್ಟು ಅದೇ ಸೊಪ್ಪನ್ನು ಮನೆಗೆ ತಂದು ಐವತ್ತು ಹುಳುಗಳಿಗೆ ಹಾಕಿದ. “ಹುಳ ತಿಂದು ಬದುಕಿದ್ರೆ ಪಾಪು ಕೂರಬಹುದು” ಅಂದ.

ಇವತ್ತು ಬೆಳಿಗ್ಗೆ ನೋಡಿದರೆ ಐವತ್ತೂ ತಲೆ ಎತ್ತಿಕೊಂಡು ಹಸಿರು ನೀರು ಕಕ್ಕಿ ಸತ್ತಿದ್ದವು. ಅಮ್ಮ ಕುಲಾವಿಯನ್ನು ತೆಗೆದು ಪೆಟ್ಟಿಗೆಯಲ್ಲಿಟ್ಟಳು.

ಆಷಾಢಕ್ಕೆ ಇನ್ನು ಹದಿನೆಂಟು ದಿನ. ಟೆನ್ಷನ್ನಿಗೆ ನನ್ನ ಉಗುರೆಲ್ಲ ಹೋಯಿತು. ನಾಳೆ ಅಣ್ಣ ನಿಮ್ಮ ಅಬ್ಬಾಗೆ ಫೋನ್ ಮಾಡುತ್ತಾನೆ, ಶಿಡ್ಲಘಟ್ಟದ ಕಡೆ ಯಾವುದಾದರೂ ಇದೆಯಾ ಎಂದು ಕೇಳಲು.

ಗಾಡಿ ಮನೆಯದು, ಪಾಪು ಅಣ್ಣನದು, ನಿನಗೇನೇ ಟೆನ್ಷನ್ ಎಂದು ಕೇಳುತ್ತೀಯಲ್ಲ? ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ಆ ವ್ಯಾನು ಬಂದರೆ ನಾನು ಹಾಸ್ಟೆಲ್ ಬಿಡುತ್ತೇನೆ. ಅತ್ತಿಗೆಯ ಆಫೀಸಿನಿಂದ ನನ್ನ ಕಾಲೇಜಿಗೆ ಐದು ನಿಮಿಷದ ನಡಿಗೆ. ಬೆಳಿಗ್ಗೆ ಅವರ ಜೊತೆ ಬಂದು ಸಂಜೆ ಅವರ ಜೊತೆ ಹೋಗುವುದು. ಆರನೇ ಕ್ಲಾಸಿನಿಂದ ಹಾಸ್ಟೆಲ್, ಇದು ಎಂಟನೇ ವರ್ಷ, ತರನ್ನುಮ್. ನೀನಿದ್ದ ಏಳು ವರ್ಷ ಹೇಗೋ ಕಳೆಯಿತು. ಈ ವರ್ಷ ಬೆಳಗಿನ ಬೆಲ್ ಹೊಡೆದರೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡುಬಿಡುತ್ತೇನೆ. ನನಗೆ ನಮ್ಮ ಮನೆಯಲ್ಲಿ ಒಂದು ಸೋಮವಾರ ಬೆಳಿಗ್ಗೆ ಏಳಬೇಕು, ಅಷ್ಟೇ. ಮನೆಯಲ್ಲಿ ಇನ್ನೂ ಹೇಳಿಲ್ಲ. ಮೊದಲು ವ್ಯಾನು ಬಂದು ಬಾಗಿಲಲ್ಲಿ ನಿಲ್ಲಲಿ, ಆಗ ಕೇಳುತ್ತೇನೆ.

ದುವಾ ಮಾಡು.

ನಿನ್ನ
ತನುಜ

•

ರೂಮ್ ನಂಬರ್ 14, ಚಿಕ್ಕಬಳ್ಳಾಪುರ
23 ಜೂನ್ 2025, ಸೋಮವಾರ

ಪ್ರೀತಿಯ ತರನ್ನುಮ್,

ಮತ್ತೆ ಹದಿನೈದು ದಿನ, ಮತ್ತೆ ಕ್ಷಮಿಸು. ಈ ಸಲ ಕೈ ಬಿಡುವಿರಲಿಲ್ಲ, ಏಕೆಂದರೆ ವ್ಯಾನು ಬಂತು! ಬಂತು, ಬಂತು, ಬಂತು! ಬಂದಿದ್ದು ನಿಮ್ಮ ಅಬ್ಬಾ ದಯೆಯಿಂದ, ತಪ್ಪಿ ಹೋಗುವಂತಾಗಿದ್ದು ನನ್ನಿಂದ. ಕೇಳು.

ನಿಮ್ಮ ಬೀದಿಯ ಮುಜಮ್ಮಿಲ್ ಅಣ್ಣ ಸ್ಕೂಲ್ ಮಕ್ಕಳನ್ನು ಬಿಟ್ಟುಬರುತ್ತಿದ್ದ ಬೂದುಬಣ್ಣದ ವ್ಯಾನು ನಿನಗೆ ಗೊತ್ತಲ್ಲ, ಅದೇ. ಅವರು ದೊಡ್ಡ ಗಾಡಿ ತೆಗೆದುಕೊಂಡರಂತೆ. “ಈ ಗಾಡಿ ಮಕ್ಕಳು, ಟಿಫನ್ ಬಾಕ್ಸು ಬಿಟ್ರೆ ಬೇರೇನೂ ಹೊತ್ತಿಲ್ಲ, ಇದು ಈ ವಜೀರನ ಗ್ಯಾರಂಟಿ” ಎಂದು ನಿಮ್ಮ ಅಬ್ಬಾ ಎದೆ ತಟ್ಟಿಕೊಂಡರು. ಸೀಟಿನ ಸಂದಿಯಲ್ಲಿ ಚಾಕೊಲೇಟ್ ಕಾಗದ, ಗಾಜಿನ ಮೇಲೆ ಚಿಟ್ಟೆ ಸ್ಟಿಕರ್ರು. ಬಾಗಿಲು ಸರ್ರನೆ ಪಕ್ಕಕ್ಕೆ ಸರಿಯುತ್ತದೆ. ಅಮ್ಮ ರಾಗಿ ಎತ್ತಿಕೊಂಡು ನಾಲ್ಕು ಸಲ ಹತ್ತಿ ಇಳಿದಳು, ಒಂದು ಸಲವೂ ಬಗ್ಗಲಿಲ್ಲ. ಮುಜಮ್ಮಿಲ್ ಅಣ್ಣ, “ಮನೆಗೇ ಒಯ್ದು ನೋಡಿ, ಎರಡು ದಿನ ಇಟ್ಕೊಳ್ಳಿ” ಎಂದು ಕೀಲಿಯನ್ನೇ ಕೊಟ್ಟುಬಿಟ್ಟರು.

ಅದು ಹದಿನಾಲ್ಕನೇ ತಾರೀಖು ಶನಿವಾರ. ರಾತ್ರಿಯೆಲ್ಲ ಸೊಪ್ಪು ವ್ಯಾನಿನಲ್ಲಿತ್ತು. ಭಾನುವಾರ ಬೆಳಿಗ್ಗೆ ಅಣ್ಣ ತೋಟಕ್ಕೆ ಹೊರಟವನು, “ತನು, ಬಾಗಿಲ ಪಕ್ಕದ ತಟ್ಟೆಯಲ್ಲಿ ಸ್ವಲ್ಪ ಹಿಂದುಳಿದ ಹುಳ ಇದಾವೆ, ಅದ್ರಲ್ಲಿ ಐವತ್ತು ತಗೊಂಡು ಈ ಸೊಪ್ಪು ಹಾಕು” ಅಂದ. ನನಗೆ ಎಂಥ ಹೆಮ್ಮೆ ಗೊತ್ತಾ! ಕೈಕಾಲು ತೊಳೆದು ಹುಳು ಮನೆಗೆ ಹೋದೆ. ಬಾಗಿಲ ಪಕ್ಕದ ಹುಳು ಸಣ್ಣಗೆ, ಸಪ್ಪೆಯಾಗಿ ಕಂಡವು. ಒಳ್ಳೇ ಪರೀಕ್ಷೆಗೆ ಒಳ್ಳೇ ಹುಳುವೇ ಇರಲಿ ಎಂದು ಒಳಗಿನ ತಟ್ಟೆಯಿಂದ ದಪ್ಪದಪ್ಪನೆಯವನ್ನು ಆರಿಸಿ ಸೊಪ್ಪು ಹಾಕಿದೆ.

ಅರ್ಧ ಗಂಟೆಯಾಯಿತು. ಒಂದೂ ಬಾಯಿ ಹಾಕಲಿಲ್ಲ. ಒಂದು ಗಂಟೆಯಾಯಿತು. ಎಲ್ಲವೂ ತಲೆ ಎತ್ತಿಕೊಂಡು ಕಲ್ಲಿನ ಹಾಗೆ ನಿಂತವು. ಆ ಸತ್ತ ಐವತ್ತೂ ಹಾಗೇ ತಲೆ ಎತ್ತಿದ್ದವಲ್ಲ! ಅಳುತ್ತಾ ಅಣ್ಣನಿಗೆ ಫೋನ್ ಮಾಡಿದೆ. “ಹೋಯ್ತು ಅಣ್ಣ, ಈ ವ್ಯಾನೂ ಹೋಯ್ತು!” ಅವನು ಏನೂ ಕೇಳದೆ ಅಲ್ಲಿಂದಲೇ ನಿಮ್ಮ ಅಬ್ಬಾಗೆ ಫೋನ್ ಮಾಡಿ, “ಬೇಜಾರು ಮಾಡ್ಕೋಬೇಡಿ ಸಾಬ್ರೇ, ಗಾಡಿ ನಮಗೆ ಆಗಿಬರಲ್ಲ” ಎಂದುಬಿಟ್ಟ. ಅತ್ತಿಗೆಗೂ ಸುದ್ದಿ ಹೋಗಿ, ಅವರು ಗೌರಿಬಿದನೂರಿನಲ್ಲಿ ಕಟ್ಟಿಟ್ಟಿದ್ದ ಬಟ್ಟೆಗಂಟು ಬಿಚ್ಚಿದರಂತೆ.

ಆಗ ಅಪ್ಪ ಬಂದರು. ತಟ್ಟೆಯ ಮೇಲೆ ಬಗ್ಗಿ ನೋಡಿದರು. ನನ್ನನ್ನು ನೋಡಿದರು. “ಏಮಮ್ಮಾ ತಲ್ಲೀ, ಇವೆಲ್ಲಿ ಸತ್ತಾವೆ? ನಾಲ್ಕನೇ ಜ್ವರಕ್ಕೆ ಕೂತಾವೆ!” ಎಂದು ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು.

ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರಕ್ಕೆ ಕೂರುವುದು ಅನ್ನುತ್ತಾರೆ. ಒಂದು ದಿನ ಪೂರ್ತಿ ತಲೆ ಎತ್ತಿ ಸುಮ್ಮನೆ ಇರುತ್ತವೆ, ಬಂಗಾರದ ಸೊಪ್ಪು ಕೊಟ್ಟರೂ ಮುಟ್ಟುವುದಿಲ್ಲ. ಹಿಂದುಳಿದವು ಇನ್ನೂ ತಿನ್ನುತ್ತಿದ್ದವು, ಅದಕ್ಕೇ ಅಣ್ಣ ಆ ತಟ್ಟೆ ಹೇಳಿದ್ದು. ನಮ್ಮೂರಿನ ಮೂರನೇ ಕ್ಲಾಸಿನ ಮಗುವಿಗೂ ಇದು ಗೊತ್ತು. ನನಗೆ ಗೊತ್ತಿರಲಿಲ್ಲ.

“ಹಾಸ್ಟೆಲಲ್ಲಿ ಹುಳದ ಪಾಠ ಎಲ್ಲಿ ಮಾಡ್ತಾರೆ ಬಿಡು” ಅಂದಳು ಅಮ್ಮ. ಅಣ್ಣ ಓಡಿ ಬಂದು ತಲೆಗೆ ಮೊಟಕಿದ. “ನಾನೂ ದಡ್ಡ ಕಣಮ್ಮ, ಯಾವ ತಟ್ಟೆ ಅಂತ ಕೇಳ್ಲಿಲ್ಲ.” ನಿಮ್ಮ ಅಬ್ಬಾಗೆ ಮತ್ತೆ ಫೋನ್ ಮಾಡಿ ತಪ್ಪೊಪ್ಪಿಕೊಳ್ಳುವ ಕೆಲಸ ನನ್ನ ಪಾಲಿಗೇ ಬಂತು. ಅವರು ನಕ್ಕು ನಕ್ಕು, “ಅರೇ ಬೇಟಾ, ಹುಳ ರೋಜಾ ಉಪವಾಸ ಇಟ್ಕೊಂಡಿದ್ರೆ ಗಾಡಿ ಏನು ಮಾಡುತ್ತೆ? ಏಳಲಿ ಬಿಡು, ಆಮೇಲೆ ತಿನ್ಸು” ಅಂದರು.

ಸೋಮವಾರ ಸಂಜೆ ನಾನು ಲ್ಯಾಬಿನಲ್ಲಿದ್ದಾಗ ಅಣ್ಣ ವಿಡಿಯೋ ಕಳಿಸಿದ. ಪೊರೆ ಬಿಟ್ಟೆದ್ದ ಐವತ್ತೂ ಹುಳು, ವ್ಯಾನಿನಲ್ಲಿಟ್ಟಿದ್ದ ಸೊಪ್ಪನ್ನು ಕರಕರ ಕರಕರ ಎಂದು ತಿನ್ನುತ್ತಿವೆ! ಮಳೆ ಬಿದ್ದ ಹಾಗೆ ಸದ್ದು. ಬುಧವಾರವೂ ಎಲ್ಲ ಗಟ್ಟಿಮುಟ್ಟಾಗಿದ್ದವು. ನಾನು ಬ್ಯೂರೆಟ್ ಹಿಡಿದುಕೊಂಡೇ ಕುಣಿದೆ, ಮೇಡಂ ಹೊರಗೆ ನಿಲ್ಲಿಸಿದರು.

ನಿನ್ನೆ ಭಾನುವಾರ ಗೌರಿಬಿದನೂರಿಗೆ ಹೋಗಿ ಅವರನ್ನು ಕರೆತಂದೆವು. ಚಕ್ರದ ಕೆಳಗೆ ನಿಂಬೆಹಣ್ಣು, ಮುಂದೆ ಸೇವಂತಿಗೆ ಹಾರ. ಮಡಿಲು ತುಂಬಿ ಕಳಿಸುವಾಗ ಅತ್ತಿಗೆಯ ಅಮ್ಮನ ಮೂಗು ಅತ್ತೂ ಅತ್ತೂ ಕೆಂಪಾಗಿತ್ತು. ಮಂಚೇನಹಳ್ಳಿ ದಾಟಿದ ಮೇಲೆ ಅತ್ತಿಗೆ, “ಸರೀರಿ, ನಾನು ಓಡಿಸ್ತೀನಿ” ಎಂದು ಅಣ್ಣನನ್ನು ಪಕ್ಕದ ಸೀಟಿಗೆ ಅಟ್ಟಿದರು. ಅಣ್ಣ ಊರು ಬರುವ ತನಕ ಇಲ್ಲದ ಬ್ರೇಕನ್ನು ತುಳಿಯುತ್ತಲೇ ಇದ್ದ. ಹಿಂದೆ ನನ್ನ ತೊಡೆಯ ಮೇಲೆ ಪಾಪು. ನಿಜವಾದ ಪಾಪು, ರಾಗಿಯಲ್ಲ! ನನ್ನ ಹೆಬ್ಬೆರಳು ಹಿಡಿದುಕೊಂಡು ಮಣ್ಣಿನ ದಾರಿಯ ಅಷ್ಟೂ ಗುಂಡಿಗಳಲ್ಲಿ ನಿದ್ದೆ ಹೊಡೆದಳು. ಮನೆ ಮುಂದೆ ಬಾಗಿಲು ಸರ್ರೆಂದಿತು, ಅತ್ತಿಗೆ ಮಗುವನ್ನೆತ್ತಿಕೊಂಡು ಬಗ್ಗದೆ ಇಳಿದರು. ಅಮ್ಮ ಆರತಿ ತಟ್ಟೆ ಹಿಡಿದುಕೊಂಡು ಬಾಗಿಲನ್ನೇ ನೋಡುತ್ತಾ, “ನೋಡ್ದಾ, ನೋಡ್ದಾ” ಅನ್ನುತ್ತಿದ್ದಳು.

ನಿನ್ನ ಟೆಸ್ಟ್ ಯಾವಾಗ? ರ‍್ಯಾಂಕ್ ಲಿಸ್ಟ್ ನೋಡಿ ಊಟ ಬಿಡಬೇಡ. ನಿಮ್ಮ ಅಲ್ಲಾಹ್, ನಮ್ಮ ಊರ ಗಂಗಮ್ಮ, ಇಬ್ಬರೂ ನಿನ್ನ ತಲೆಯ ಮೇಲೆ ಕೈ ಇಟ್ಟಿರಲಿ. ನೀನು ಡಾಕ್ಟರಾಗಿ ನಮ್ಮ ಪಾಪುವಿಗೆ ಸೂಜಿ ಚುಚ್ಚುವ ದಿನ ಬೇಗ ಬರಲಿ.

ನಿನ್ನವಳೇ
ತನುಜ

ತಾ.ಕ.: ಮನೆಯಲ್ಲಿ ಕೇಳಿದೆಯಾ ಎಂದು ನೀನು ಕೇಳುವೆ. ಕೇಳಲಿಲ್ಲ. ನಿನ್ನೆ ಆರತಿಯಾದ ಮೇಲೆ ಎಲ್ಲರೂ ಅಂಗಳದಲ್ಲೇ ಕೂತಿದ್ದರು. “ಅಣ್ಣ, ಮುಂದಿನ ವರ್ಷ ನಾನು ಮನೆಯಿಂದಲೇ ಓಡಾಡ್ತೀನಿ” ಎನ್ನುವ ವಾಕ್ಯವನ್ನು ವಾರವಿಡೀ ಬಾಯಿಪಾಠ ಮಾಡಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಜೇಬಿನಿಂದ ಒಂದು ಕಾಗದ ತೆಗೆದ. ಮುಂದಿನ ವರ್ಷದ ಹಾಸ್ಟೆಲ್ ಅರ್ಜಿ. “ಶುಕ್ರವಾರ ಲಾಸ್ಟ್ ಡೇಟು. ಈ ಗಲಾಟೇಲಿ ನಿನಗೆ ಮರ್ತುಹೋಗುತ್ತೆ ಅಂತ ನಾನೇ ತುಂಬಿದೀನಿ ಕಣಮ್ಮ” ಅಂದ. ಎಷ್ಟು ಪ್ರೀತಿಯಿಂದ ಅಂದ ಗೊತ್ತಾ? ಒಳಗೆ ನನ್ನ ಮಂಚದ ಮೇಲೆ ಓಬಳಮ್ಮ ದೊಡ್ಡಮ್ಮನ ಹಾಸಿಗೆ ಬಿದ್ದಿತ್ತು, ಪಕ್ಕದಲ್ಲಿ ತೊಟ್ಟಿಲು. ಅತ್ತಿಗೆಯೊಬ್ಬರೇ, “ಯಾಕೆ, ತನುಜ ನಮ್ ಜೊತೇಲೇ ಬರಬಹುದಲ್ವಾ?” ಅಂದರು. ಅದಕ್ಕೆ ಅಮ್ಮ, “ಅವಳಿಗೆ ಮನೇಲಿ ಆಗಲ್ಲಮ್ಮ, ಹಾಸ್ಟೆಲೇ ಅಭ್ಯಾಸ” ಅಂದಳು. ಎಲ್ಲರೂ ನನ್ನ ಮುಖ ನೋಡಿದರು. ನಾನು ನಕ್ಕು, “ಹೂಂ ಅತ್ತಿಗೆ, ನನಗೆ ಅಲ್ಲೇ ಓದೋಕಾಗೋದು” ಅಂದುಬಿಟ್ಟೆ. ಯಾಕೆ ಅಂದೆನೋ ಗೊತ್ತಿಲ್ಲ ಕಣೇ.

ಅರ್ಜಿ ನನ್ನ ಮುಂದೆ ಇದೆ. ಹಾಸ್ಟೆಲ್ ಬೇಕಾದ ಕಾರಣ ಎನ್ನುವಲ್ಲಿ ಅಣ್ಣ ದುಂಡು ಅಕ್ಷರದಲ್ಲಿ ‘ಮನೆ ದೂರ’ ಎಂದು ಬರೆದಿದ್ದಾನೆ. ನನ್ನ ಸಹಿ ಒಂದೇ ಬಾಕಿ. ಅಣ್ಣನಿಗೆ ಫೋನ್ ಮಾಡಿ ನಿಜ ಹೇಳಲಾ, ತರನ್ನುಮ್? ಶುಕ್ರವಾರದೊಳಗೆ ನಿನ್ನ ಉತ್ತರ ಬರುವುದಿಲ್ಲ ಎಂದು ಗೊತ್ತು. ಆದರೂ ಯಾರನ್ನಾದರೂ ಕೇಳಬೇಕಿತ್ತು.