ಅರಿಶಿನ ಹಚ್ಚಿದ ಮೊಣಕಾಲು

ಮಿರಜ
ಸೋಮವಾರ

ಚಿರಂಜೀವಿ ತಮ್ಮ ಸಿದ್ರಾಮಪ್ಪನಿಗೆ ಅಕ್ಕ ಸುನಂದಾಬಾಯಿ ಬರೆಯುವುದೇನೆಂದರೆ,

ಕ್ಷೇಮ ವಿಚಾರಿಸುವ ಸಾಲನ್ನು ನಾನು ಮರೆತಿಲ್ಲ, ಬೇಕೆಂದೇ ಬಿಟ್ಟಿದ್ದೇನೆ. ನಿನ್ನ ಕ್ಷೇಮದ ವಿಷಯದಲ್ಲಿ ನನಗೆ ಸಂದೇಹವಿಲ್ಲ. ಕ್ಷೇಮವಿಲ್ಲದವಳು ನನ್ನ ಮೊಮ್ಮಗಳು ಶೀತಲ. ನನ್ನ ಪಡಸಾಲೆಯಲ್ಲಿ, ಎರಡು ದಿಂಬುಗಳ ಮೇಲೆ ಬಲಗಾಲನ್ನು ಚಾಚಿಕೊಂಡು ಮಲಗಿದ್ದಾಳೆ.

ದೂರವಾಣಿಯಲ್ಲಿ ಮಾತನಾಡಬಹುದಿತ್ತು. ಆದರೆ ನೀನು ನಡುವೆಯೇ ನನ್ನ ಮಾತನ್ನು ಕತ್ತರಿಸಿ, "ಅಕ್ಕಾ, ಗಿರಾಕಿ ಬಂದಾರ, ಆಮ್ಯಾಲ ಮಾತಾಡ್ತೇನಿ" ಎಂದು ಇಟ್ಟುಬಿಡುತ್ತೀ. ಪತ್ರಕ್ಕೆ ಗಿರಾಕಿಗಳ ಅಡ್ಡಿಯಿಲ್ಲ. ಇದನ್ನು ನಿನ್ನ ಮಗ ಓಂಕಾರನ ಕೈಗೆ ಕೊಟ್ಟು ಓದಿಸಿಕೊಳ್ಳಲು ಹೋಗಬೇಡ. ಅವನಿಗೆ ಕನ್ನಡದ ಅಕ್ಷರ ಬಾರದು. ಅದು ಬೇರೆಯ ಜಗಳ, ಇಂದು ಅದಕ್ಕೆ ವ್ಯವಧಾನವಿಲ್ಲ. ನಿನಗೆ ಅಕ್ಷರ ಕಲಿಸಿದವಳು ನಾನು. ಕನ್ನಡಕ ಹಾಕಿಕೊಂಡು ನೀನೇ ಓದು.

ಸಾಂಗ್ಲಿಯ ನಿನ್ನ ಅರಿಶಿನದ ಅಂಗಡಿಯ ಕಟ್ಟೆಯ ಮೇಲೆ ಊಟದ ನಂತರ ನಡೆಯುವ ವಾದವನ್ನು ನಾನು ಬಹಳ ವರ್ಷ ಸಹಿಸಿಕೊಂಡು ಬಂದಿದ್ದೇನೆ. ಆಟೋಟಗಳಲ್ಲಿ ಯಾವ ಕಾಲೇಜು ಶ್ರೇಷ್ಠ, ನಿನ್ನ ಸಾಂಗ್ಲಿಯದೋ ಬಾಪೂಸಾಹೇಬರ ಮಿರಜದ್ದೋ? ಯಾರ ಅಖಾಡದ ಮಣ್ಣು ಕೆಂಪು, ಯಾರ ವಸತಿಗೃಹದಲ್ಲಿ ಆಟಗಾರರಿಗೆ ಹಾಲು ಗಟ್ಟಿ, ಯಾರ ಹುಡುಗರು ವಿಶ್ವವಿದ್ಯಾಲಯದ ತಂಡಕ್ಕೆ ಹೆಚ್ಚು ಹೋದರು! ಅರಿಶಿನದ ಧಾರಣೆ ಏರಿದ ದಿನವೂ ಇದೇ ಮಾತು, ಇಳಿದ ದಿನವೂ ಇದೇ ಮಾತು. ರೈಲ್ವೆಯಿಂದ ನಿವೃತ್ತರಾದ ಬಾಪೂಸಾಹೇಬರು ದಿನವೂ ಮಿರಜದಿಂದ ಬಸ್ಸು ಹಿಡಿದು ಬರುವುದು ಈ ಜಗಳಕ್ಕಾಗಿಯೇ. "ಸಿದ್ರಾಮಪ್ಪಾ, ನಿಮ್ಮ ಕಾಲೇಜದಾಗ ಆಟ ಎಲ್ಲೈತೋ ಮಾರಾಯಾ? ಬರೇ ಬ್ಯಾನರ್ ಅದಾವ" ಎಂದು ಅವರು ಕೆಣಕಬೇಕು. "ನಿಮ್ಮ ಮಿರಜದವರು ಆಡಾಕ ಎಲ್ಲಿ ಬರ್ತಾರರಿ? ದವಾಖಾನಿ ಹತ್ರ ಐತಿ ಅಂತ ಬೀಳಾಕ ಬರ್ತಾರ" ಎಂದು ನೀನು ತಿರುಗಿ ಹೇಳಬೇಕು. ಕಟ್ಟೆಯೆಲ್ಲ ನಗಬೇಕು. ನಿಮ್ಮಿಬ್ಬರಲ್ಲಿ ಒಬ್ಬರೂ ಆ ಕಾಲೇಜುಗಳಲ್ಲಿ ಓದಿದವರಲ್ಲ. ನೀನು ಹತ್ತನೆಯ ತರಗತಿ ಮುಗಿಸಿ ನೇರವಾಗಿ ಅಂಗಡಿಯ ಗಾದಿಯ ಮೇಲೆ ಕುಳಿತವನು. ನಿಮ್ಮನ್ನು ನೀವು ಫ್ಯಾನ್ ಎಂದು ಕರೆದುಕೊಳ್ಳುತ್ತೀರಿ. ಅಭಿಮಾನಿ ಎಂಬ ಪದವನ್ನು ನಿಮಗೆ ಕೊಡಲು ನನಗೆ ಮನಸ್ಸಿಲ್ಲ. ಅಭಿಮಾನವುಳ್ಳವರು ಆಡುವವರ ಮೈನೋವನ್ನೂ ನೋಡುತ್ತಾರೆ.

ಆದರೂ ನ್ಯಾಯವಾದ ಮಾತೊಂದನ್ನು ಹೇಳಲೇಬೇಕು. ಶೀತಲಳನ್ನು ಮೈದಾನಕ್ಕೆ ಕರೆದೊಯ್ದವನು ನೀನೇ. ಹೆಣ್ಣುಮಗು ಚಡ್ಡಿ ತೊಟ್ಟು ಓಡುವುದು ಬೇಡವೆಂದು ನನ್ನ ಮಗ ಬಾಗಿಲಿಗೆ ಅಡ್ಡ ನಿಂತಿದ್ದಾಗ, ನೀನು ಸಾಂಗ್ಲಿಯಿಂದ ಸ್ಕೂಟರಿನಲ್ಲಿ ಬಂದು, "ಮಗಳೇನು ತಿಜೋರಿ ಆಗ್ಯಾಳೇನೋ, ಕೀಲಿ ಹಾಕಿ ಇಡಾಕ? ಏರು ಬೇಟಾ, ಗಾಡಿ ಏರು" ಎಂದು ಅವಳನ್ನು ಹಿಂದೆ ಕೂರಿಸಿಕೊಂಡು ಹೋದೆ. ಅವಳ ಮೊದಲ ಬೂಟು ನೀನು ಕೊಡಿಸಿದ್ದು. ಮಿರಜದ ಹುಡುಗಿಯನ್ನು ಸಾಂಗ್ಲಿಯ ಕಾಲೇಜಿಗೆ ಸೇರಿಸಿ ಬಾಪೂಸಾಹೇಬರ ಮುಂದೆ ಮೀಸೆ ತಿರುವಿದವನೂ ನೀನೇ. ಅಂದಿನಿಂದ ಅವಳಿಗೆ ತಂದೆಯ ಮಾತು ಒಂದು ತೂಕವಾದರೆ ಸಿದ್ದೂ ಅಜ್ಜನ ಮಾತು ಅದರ ಇಮ್ಮಡಿ ತೂಕ. ಇದನ್ನು ಹೊಗಳಿಕೆಯೆಂದು ತಿಳಿಯಬೇಡ. ಇದು ನಿನ್ನ ಮೇಲಿನ ಆರೋಪದ ಮೊದಲ ಭಾಗ.

ಈ ಎರಡೇ ಕಾಲೇಜುಗಳು ಎದುರಾದ ಖೋ ಖೋ ಅಂತಿಮ ಪಂದ್ಯದ ದಿನ ನಾನೂ ಮೈದಾನದ ಮೆಟ್ಟಿಲ ಮೇಲೆ ಕುಳಿತಿದ್ದೆ. ಒಂದು ಕಡೆ ಬಾಪೂಸಾಹೇಬರ ಪಂಗಡ, ಇನ್ನೊಂದು ಕಡೆ ಪೇಟೆಯವರ ನಿಮ್ಮ ಪಂಗಡ. ಮೊದಲ ಸರದಿ ಮುಗಿಯುವ ಹೊತ್ತಿಗೆ, ಕಂಬವನ್ನು ಹಿಡಿದು ತಿರುಗುವಾಗ ಶೀತಲಳ ಪಾದ ಮಣ್ಣಿನಲ್ಲಿ ಸಿಕ್ಕಿಕೊಂಡು ನಿಂತಿತು, ಮೈ ಮಾತ್ರ ತಿರುಗಿತು. ಅವಳು ಬಿದ್ದಳು. ತರಬೇತಿ ಕೊಡುವ ರೂಪಾಲಿ ಓಡಿಬಂದು, ಮೊಣಕಾಲನ್ನು ಮುಟ್ಟಿ ನೋಡಿ, ಇನ್ನು ಇವಳನ್ನು ಆಡಿಸುವುದಿಲ್ಲವೆಂದು ಚಾಪೆಯ ಮೇಲೆ ಕೂರಿಸಿದಳು. ಆ ಮಾತು ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಮಿರಜದವರ ಕಡೆಯಿಂದ ಯಾರೋ ಕೂಗಿದರು: "ಸಾಂಗ್ಲಿ ಹುಲಿ ಕುಂತೈತ್ರೀ, ಬಟ್ಟಲದಾಗ ಹಾಲ ಕೊಡ್ರಿ!"

ನಿನಗೆ ಅಷ್ಟು ಸಾಕಾಯಿತು. ಗೆದ್ದರೆ ಹಾರಿಸಬೇಕೆಂದು ಕಿಸೆಯಲ್ಲಿಟ್ಟುಕೊಂಡು ಬಂದಿದ್ದ ಅರಿಶಿನದ ಪೊಟ್ಟಣವನ್ನು ತೆಗೆದೆ. ಯಾರದೋ ತಂಬಾಕಿನ ಡಬ್ಬಿಯಿಂದ ಸುಣ್ಣ ಇಸಿದುಕೊಂಡೆ. ಚಹಾದ ಗಾಡಿಯ ಒಲೆಯ ಮೇಲೆ ಎರಡನ್ನೂ ಕಲಸಿ ಕಾಯಿಸಿ, ಹಬೆಯಾಡುತ್ತಿರುವಾಗಲೇ ಆ ಮಗುವಿನ ಮೊಣಕಾಲಿಗೆ ಮೆತ್ತಿ, ನಿನ್ನ ಹೆಗಲ ವಸ್ತ್ರದಿಂದ ಬಿಗಿದೆ. ರೂಪಾಲಿ "ಕಾಕಾ, ತಿಲಾ ಬಸೂ ದ್ಯಾ" ಎಂದು, ಅವಳನ್ನು ಕೂರಲು ಬಿಡಿರೆಂದು, ಕೈಮುಗಿದಳು. ನೀನು ಅವಳ ಮುಖವನ್ನೂ ನೋಡಲಿಲ್ಲ. "ಮ್ಯಾಡಮ್, ಅಜ್ಜನ ಕಾಲದಿಂದ ಅರಿಷಿಣ ಮಾರಾಕತ್ತೇವಿ. ನಮ್ಮ ಅರಿಷಿಣ ಎಲವು ಸೈತ ಕೂಡಿಸ್ತೈತಿ. ಏಳು ಶೀತಲ, ಏಳ ನನ್ನ ಹುಲಿ!" ನಿನ್ನ ಪಂಗಡದವರೆಲ್ಲ ಏಳು ಏಳು ಎಂದು ತಾಳ ಹಾಕಿದರು. ಮೆಟ್ಟಿಲ ಮೇಲಿಂದ ನಾನು ಬೇಡವೆಂದು ಕೂಗಿದ್ದು ಆ ತಾಳದಲ್ಲಿ ಯಾರಿಗೂ ಕೇಳಿಸಲಿಲ್ಲ.

ಅರಿಶಿನ ಬಾವನ್ನು ಇಳಿಸೀತು, ಸಿದ್ರಾಮಪ್ಪ. ಒಳಗೆ ಹರಿದುಹೋದದ್ದನ್ನು ಅದು ಹೊಲಿಯುವುದಿಲ್ಲ. ಕೊಂಬನ್ನು ಮುರಿದು ಬಣ್ಣ ನೋಡಿ ಬೆಲೆ ಕಟ್ಟುವುದು ನಿನ್ನ ವಿದ್ಯೆ. ಅದನ್ನೇ ವೈದ್ಯವೆಂದು ನಂಬಿದೆ, ನಂಬಿದ್ದನ್ನು ಹತ್ತೊಂಬತ್ತು ವರ್ಷದ ಹುಡುಗಿಯ ಮೇಲೆ ಪರೀಕ್ಷಿಸಿದೆ.

ಅವಳು ಎದ್ದಳು. ಆಡಿದಳು. ನೀವು ಗೆದ್ದಿರಿ. ಕೊನೆಯ ಓಟಗಾರ್ತಿಯನ್ನು ಮುಟ್ಟಲು ಜಿಗಿದು ಬಿದ್ದವಳು ಮತ್ತೆ ಏಳಲಿಲ್ಲ. ನಿಮ್ಮವರು ಅಂಕಣಕ್ಕೆ ನುಗ್ಗಿ ಅವಳ ಮೇಲೆ ಅರಿಶಿನ ಹಾರಿಸಿದರು. ಅವಳ ಕಣ್ಣೀರನ್ನು ಆನಂದಬಾಷ್ಪವೆಂದು ಭಾವಿಸಿ, ಅದೇ ಕಾಲನ್ನು ಹಿಡಿದೆತ್ತಿ ಹೆಗಲ ಮೇಲೆ ಕೂರಿಸಿಕೊಂಡರು. ಮಗು ಚೀರುತ್ತಿತ್ತು, ನೀವು ಜಯಘೋಷ ಮಾಡುತ್ತಿದ್ದಿರಿ. ಆಸ್ಪತ್ರೆಯಲ್ಲಿ ದಾದಿ ಮೊದಲು ಆ ಹಳದಿಯನ್ನೆಲ್ಲ ತೊಳೆಯಬೇಕಾಯಿತು. ತೊಳೆದಾಗ ಕಂಡದ್ದು ಸುಣ್ಣದ ಬಿಸಿಗೆ ಎದ್ದ ಬೊಬ್ಬೆಗಳು. ಮೊಣಕಾಲನ್ನು ಹಿಡಿದು ನಿಲ್ಲಿಸುವ ಒಳಗಿನ ತಂತು ಪೂರ್ತಿಯಾಗಿ ಹರಿದಿದೆ, ಮೊದಲು ಬಿದ್ದಾಗಲೇ ಕೂರಿಸಿದ್ದರೆ ಇಷ್ಟು ಆಗುತ್ತಿರಲಿಲ್ಲವೇನೋ ಎಂದರು ವೈದ್ಯರು. ಬರುವ ಶುಕ್ರವಾರ ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದಾರೆ. ಮಾಡಿಸಿಕೊಂಡು ಒಂದು ವರ್ಷ ಸುಮ್ಮನಿದ್ದರೆ ಮುಂದೆ ಓಡಿಯಾಳು. ಮಾಡಿಸಿಕೊಳ್ಳದೆ ಆಡಿದರೆ, ಮೆಟ್ಟಿಲು ಹತ್ತುವುದಕ್ಕೂ ಗೋಡೆ ಹಿಡಿಯಬೇಕಾದೀತು.

ಈ ಸುದ್ದಿಯನ್ನು ನಿನಗೆ ಮುಖತಃ ಹೇಳಬೇಕೆಂದು ಕಳೆದ ವಾರ ನಾನು ಪೇಟೆಗೆ ಬಂದಿದ್ದೆ. ನಿನಗೆ ಗೊತ್ತಿಲ್ಲ. ಅರಿಶಿನದ ಚೀಲಗಳ ಮರೆಯಲ್ಲಿ ನಿಂತು, ಕಟ್ಟೆಯ ಮೇಲಿನ ಮಾತು ಕೇಳಿ, ಹಾಗೆಯೇ ಹಿಂದಿರುಗಿದೆ. ಬಾಪೂಸಾಹೇಬರು ಹೇಳುತ್ತಿದ್ದರು: "ಪೋರಿ ನಮ್ಮ ಕಾಲೇಜಿನಾಗ ಇದ್ದಿದ್ರ ಮೊಣಕಾಲ ಹಾಳಾಗತಿರಲಿಲ್ಲ. ನಮ್ಮಲ್ಲಿ ಡಾಕ್ಟರ್ ಗ್ರೌಂಡಿನ ಮ್ಯಾಗ ಇರ್ತಾರ." ಅದಕ್ಕೆ ನೀನು ಕೊಟ್ಟ ಉತ್ತರ ಇನ್ನೂ ನನ್ನ ಕಿವಿಯಲ್ಲಿದೆ: "ಮುರದ ಕಾಲಿನ ಮ್ಯಾಲ ಗೆದ್ದು ತೋರಿಸ್ಯಾಳ ನಮ್ಮ ಹುಡುಗಿ. ಅದಕ್ಕರಿ ಕಾಲೇಜ ಅನ್ನೂದು!" ಮತ್ತೆ ನಗು, ಮತ್ತೆ ಚಹಾ. ನನ್ನ ಮೊಮ್ಮಗಳ ಕಾಲು ನಿಮ್ಮ ವಾದಕ್ಕೆ ಒಂದು ಪುರಾವೆಯಾಯಿತು. ಅವಳಿಗೆ ನೋವಿದೆಯೇ ಎಂದು ಆ ಕಟ್ಟೆಯ ಮೇಲೆ ಒಬ್ಬ ಗಂಡಸೂ ಕೇಳಲಿಲ್ಲ.

ಅದನ್ನೂ ನುಂಗಿಕೊಂಡೇನು. ಮೊನ್ನೆ ನೀನು ಅವಳಿಗೆ ದೂರವಾಣಿ ಮಾಡಿ ಹೇಳಿದ್ದನ್ನು ನುಂಗಲಾರೆ. ಮುಂದಿನ ತಿಂಗಳು ವಿಶ್ವವಿದ್ಯಾಲಯದ ಪಂದ್ಯದಲ್ಲಿ ಇವೇ ಎರಡು ಕಾಲೇಜುಗಳು ಮತ್ತೆ ಎದುರಾಗುತ್ತವೆಯಂತೆ. "ಪಟ್ಟಿ ಕಟ್ಟಿ ಆಡು ಬೇಟಾ, ಆಪರೇಶನ್ ಆಮ್ಯಾಲ ನೋಡೂಣು. ನೀ ಇಲ್ಲಂದ್ರ ಈ ಮಿರಜದವರು ನನ್ನ ಬಾಯಾಗ ಮಣ್ಣ ಹಾಕ್ತಾರ." ಅಂದಿನಿಂದ ಅವಳು ಶಸ್ತ್ರಚಿಕಿತ್ಸೆ ಬೇಡವೆಂದು ಹಟ ಹಿಡಿದಿದ್ದಾಳೆ. ತಂದೆ ಬೈದ, ಕೇಳಲಿಲ್ಲ. ರೂಪಾಲಿ ಬಂದು ಅತ್ತು ಹೋದಳು, ಕೇಳಲಿಲ್ಲ. ನಾನು ಕೇಳಿದರೆ ಗೋಡೆಯ ಕಡೆಗೆ ಮುಖ ತಿರುಗಿಸಿ ಒಂದೇ ಮಾತು: "ಸಿದ್ದೂ ಅಜ್ಜಾ ಆಡಬ್ಯಾಡ ಅಂದ್ರ ಅಷ್ಟ ಬಿಡ್ತೇನಿ. ನೀವ್ಯಾರೂ ಹೇಳಬ್ಯಾಡ್ರಿ."

ಓಣಿಯ ತುದಿಯಲ್ಲಿ, ಸಿತಾರ ಮಾಡುವವರ ಅಂಗಡಿಯ ಮುಂದೆ ರಿಕ್ಷಾ ನಿಂತ ಸದ್ದಾದರೆ ಅವಳು ತಲೆಯೆತ್ತುತ್ತಾಳೆ. ನೀನೆಂದುಕೊಂಡು. ನೀನು ಬಂದಿಲ್ಲ. ಪಂದ್ಯದ ದಿನದಿಂದ ಒಂದು ಬಾರಿಯೂ ಬಂದಿಲ್ಲ. ಸಾಂಗ್ಲಿಯಿಂದ ಮಿರಜಕ್ಕೆ ಬರುವುದು ಸಮುದ್ರಯಾನವಲ್ಲ. ಅವಳಿಗೆ ಶೀತವಾದರೂ ಕಷಾಯ ಹಿಡಿದುಕೊಂಡು ಓಡಿಬರುತ್ತಿದ್ದವನು ಈಗ ದೂರದಿಂದ ಮಾತ್ರ ಮಾತನಾಡುತ್ತೀ. ಯಾಕೆಂದು ಯೋಚಿಸಿದ್ದೇನೆ. ಆ ಮೊಣಕಾಲನ್ನು ಕಣ್ಣಿಂದ ನೋಡುವ ಧೈರ್ಯ ನಿನಗಿಲ್ಲ. ಕಟ್ಟೆಯ ಮೇಲೆ ಅಷ್ಟು ದೊಡ್ಡ ದನಿಯಲ್ಲಿ ವಾದಿಸುವುದೂ ಅದಕ್ಕೇ ಇರಬೇಕು. ನಾಚಿಕೆಯಿಲ್ಲದವನಾಗಿದ್ದರೆ ನೀನು ಮರುದಿನವೇ ಪೇಡೆಯ ಪೆಟ್ಟಿಗೆ ಹಿಡಿದುಕೊಂಡು ನಗುತ್ತ ಬಂದಿರುತ್ತಿದ್ದೆ. ನಿನ್ನಲ್ಲಿ ನಾಚಿಕೆ ಉಳಿದಿದೆಯೆಂಬ ಒಂದೇ ಕಾರಣಕ್ಕೆ ಈ ಪತ್ರ. ಇಲ್ಲವಾದರೆ ನಿನ್ನ ಹೆಸರಿಗೆ ಒಂದು ಅಕ್ಷರವನ್ನೂ ವ್ಯಯ ಮಾಡುತ್ತಿರಲಿಲ್ಲ.

ಶುಕ್ರವಾರದೊಳಗೆ ಬಾ. ಹಾರ ಬೇಡ, ಶಾಲು ಬೇಡ. ಬಾಪೂಸಾಹೇಬರನ್ನು ಜೊತೆಗೆ ಕರೆದುಕೊಂಡು ಬಾ. ಮೊದಲು ಅವಳ ಕಾಲಿನ ಮೇಲಿನ ಹೊದಿಕೆಯನ್ನು ನಿನ್ನ ಕೈಯಿಂದಲೇ ಸರಿಸಿ ನೋಡು. ಆಮೇಲೆ ಅವಳಿಗೆ ಕೇಳಿಸುವಂತೆ, ಬಾಪೂಸಾಹೇಬರ ಎದುರಿನಲ್ಲಿ, ಈ ವರ್ಷ ಮಿರಜದವರೇ ಗೆಲ್ಲಲಿ ಎಂದು ಹೇಳು. ಆ ಮಾತು ನಿನ್ನ ನಾಲಗೆಗೆ ಎಷ್ಟು ಕಹಿಯೆಂದು ನನಗೆ ಗೊತ್ತು. ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು. ಅದಕ್ಕಾಗಿಯೇ ಅವಳು ಆ ಒಂದು ಮಾತನ್ನು ನಂಬುತ್ತಾಳೆ.

ನನ್ನ ಕೋಪ ಇಳಿದಿಲ್ಲ. ಇಳಿಯದೆಯೇ ಹರಸುತ್ತೇನೆ: ನಿನ್ನ ಆಯುಷ್ಯ ಬೆಳೆಯಲಿ, ವಿವೇಕ ಅದಕ್ಕಿಂತ ಮೊದಲು ಬೆಳೆಯಲಿ.

ಬಾಗಿಲು ತೆರೆದಿಟ್ಟಿರುವ ನಿನ್ನ ಅಕ್ಕ,
ಸುನಂದಾಬಾಯಿ