ಸ್ಕ್ವೇರ್ ಲೆಗ್ ಕಡೆಯ ಬೆಂಚು

ಏಪ್ರಿಲ್ 16, 2023. ಭಾನುವಾರ

ಮತ್ತೆ ಸೋತೆವು. ನಾನು ಎಸೆದ ಚೆಂಡನ್ನು ಅವರ ಬ್ಯಾಟರ್‌ಗಳು ಮುಟ್ಟಿದ್ದೇ ಅಪರೂಪ. ಮುಟ್ಟಿದ್ದನ್ನೆಲ್ಲ ನಮ್ಮವರು ಕೈಚೆಲ್ಲಿದರು. ಕ್ಯಾಪ್ಟನ್ ಹೆಕ್ಟರ್ ಎಂದಿನಂತೆ ಎಲ್ಲರಿಗೂ ಟ್ಯಾಕೋ ಕೊಡಿಸಿದ. ಗೆದ್ದರೆ ಏನು ಕೊಡಿಸುತ್ತಾನೋ, ಈವರೆಗೆ ಯಾರಿಗೂ ಗೊತ್ತಿಲ್ಲ.

ಮೊಣಕೈಗೆ ಐಸ್ ಇಟ್ಟುಕೊಂಡು ಬರೆಯುತ್ತಿದ್ದೇನೆ. ಮುಂದಿನ ವಾರ ಅಪ್ಪ ಬರುತ್ತಾರೆ. ಬೇಸ್‌ಬಾಲ್ ಆಡುವುದನ್ನು ಅವರಿಗೆ ಹೇಳಿದ್ದೀರಾ ಎಂದು ಹೆಂಡತಿ ಶಾಮಲಾ ಕೇಳಿದಳು. ಹೇಳಿಲ್ಲ.

ಏಪ್ರಿಲ್ 30

ಅಪ್ಪ ಬಂದು ವಾರವಾಯಿತು. ಇಲ್ಲಿನ ನಮ್ಮ ಊರು ರಾಂಚೊ ಬರ್ನಾರ್ಡೊದ ರಸ್ತೆಯಲ್ಲಿ ಗುರುತಿಲ್ಲದವರೂ ಗುಡ್ ಮಾರ್ನಿಂಗ್ ಅನ್ನುವುದು ಅವರಿಗೆ ಇನ್ನೂ ಅನುಮಾನವೇ. ಇವತ್ತು ಗ್ಯಾರೇಜಿನಲ್ಲಿ ಅವರಿಗೆ ನನ್ನ ಬೇಸ್‌ಬಾಲ್ ಗ್ಲೌ ಸಿಕ್ಕಿತು. ತಿರುಗಿಸಿ ನೋಡಿದರು. ಇದ್ದಲ್ಲೇ ಇಟ್ಟರು.

ಬೌಲಿಂಗ್ ಕಲಿಸಿದವರು ಅವರೇ. ಧಾರವಾಡದ ಮನೆಯ ಅಂಗಳದಲ್ಲಿ, ದಿನಾ ಸಂಜೆ, "ಹಾಕಪಾ, ಹಾಕು" ಅನ್ನುತ್ತ. ಇಂಟರ್-ಕಾಲೇಜ್ ಫೈನಲ್‌ನಲ್ಲಿ ಬ್ಯಾಟರ್‌ನ ಪಕ್ಕಕ್ಕೆ, ದೂರದಲ್ಲಿ ಸ್ಕ್ವೇರ್ ಲೆಗ್ ಅಂಪೈರ್ ಆಗಿ ನಿಂತು, ನನ್ನ ಕೈ ಬಾಗುತ್ತದೆ, ಇದು ಬೌಲಿಂಗ್ ಅಲ್ಲ, ಥ್ರೋ ಎಂದು ನೋಬಾಲ್ ಕರೆದವರೂ ಅವರೇ. ಹಾಕಿದಷ್ಟೂ ಕರೆದರು. ಕ್ಯಾಪ್ಟನ್ ನನ್ನ ಕೈಯಿಂದ ಚೆಂಡು ಇಸಿದುಕೊಂಡ. ಅದೇ ನನ್ನ ಕೊನೆಯ ಕ್ರಿಕೆಟ್. ಮನೆಯಲ್ಲಿ ಆ ಮಾತು ಮತ್ತೆ ಬರಲಿಲ್ಲ.

ಕೈ ಬಾಗುವುದನ್ನು ಮೊದಲೇ, ಅಂಗಳದಲ್ಲೇ ಯಾಕೆ ಹೇಳಲಿಲ್ಲ... ಇದೊಂದು ಕೇಳಬೇಕು. ಅವರು ವಾಪಸ್ ಹೋಗುವುದರೊಳಗೆ. ಆಮೇಲೆ ಫೋನಿನಲ್ಲಿ ಕೇಳುವ ಮಾತಲ್ಲ.

ಮೇ 21. ಸಂಜೆ

ರೆಡೊಂಡೊ ಬೀಚ್‌ನಲ್ಲಿ ಮ್ಯಾಚ್. ಕೊನೆಗೂ ಅಪ್ಪನನ್ನು ಕರೆದುಕೊಂಡು ಹೋದೆ. ಎಲ್ಲರೂ ಬ್ಯಾಟರ್ ಹಿಂದೆ, ನೆರಳಲ್ಲಿ ಕೂತಿದ್ದರು. ಅಪ್ಪ ಒಬ್ಬರೇ ನಡೆದು ಬ್ಯಾಟರ್‌ನ ಎಡಕ್ಕೆ, ಥರ್ಡ್ ಬೇಸ್ ಕಡೆಯ ಬಿಸಿಲಿನ ಬೆಂಚಿಗೆ ಹೋದರು. ನೋಡಿದ ಕೂಡಲೇ ಗೊತ್ತಾಯಿತು — ಅದು ಸ್ಕ್ವೇರ್ ಲೆಗ್. ಮೊಣಕೈ ಅಲ್ಲಿಂದಲೇ ಚೆನ್ನಾಗಿ ಕಾಣುವುದು.

ಚೆಂಡು ಎಲ್ಲೆಲ್ಲೋ ಹೋಯಿತು. ಈ ಆಟದಲ್ಲಿ ಕೈ ಬಾಗಿದರೆ ಯಾರೂ ಏನೂ ಅನ್ನುವುದಿಲ್ಲ, ಬಾಗಲೇಬೇಕು. ಗೊತ್ತಿದ್ದೂ ಕಿವಿ ಆ ಬೆಂಚಿನ ಕಡೆಗೇ. ಆಮೇಲೆ ಸಿಟ್ಟು ಬಂತು. ಸಿಟ್ಟಿನಲ್ಲಿ ಚೆನ್ನಾಗಿ ಎಸೆಯುತ್ತೇನೆ. ಕೊನೆಯ ಇನ್ನಿಂಗ್ಸ್‌ವರೆಗೂ ಒಂದು ರನ್ ಮುಂದಿದ್ದೆವು. ಸುಲಭದ ಕ್ಯಾಚ್, ಹೆಕ್ಟರ್‌ನ ಗ್ಲೌಗೆ ಬಂದದ್ದು ಹಾಗೇ ಹೊರಗೆ ಬಿತ್ತು. ಎರಡು ರನ್ ಹೋಯಿತು. ಮುಗಿಯಿತು.

ಎದುರಾಳಿ ಟೀಮಿನ ಕೋಚ್ ಬಂದು, ಮುಂದಿನ ಸೀಸನ್ ನಮ್ಮ ಟೀಮಿಗೆ ಬಾ, ಈ ಕೈ ಇಲ್ಲಿ ವೇಸ್ಟ್ ಆಗುತ್ತಿದೆ ಅಂದ. ಹೆಕ್ಟರ್ ಕೇಳಿಸಿಕೊಂಡೂ ತಲೆ ಎತ್ತದೆ ಶೂ ಲೇಸ್ ಬಿಚ್ಚುತ್ತಿದ್ದ. ಮೊದಲ ದಿನ ನನ್ನ ಕೈ ನೋಡಿ, ಹೀಗೇ ಎಸಿ, ಏನೂ ಬದಲಾಯಿಸಬೇಡ ಅಂದವನು ಅವನು. ಕೋಚ್‌ಗೆ ಆಗುವುದಿಲ್ಲ ಎಂದೆ. ಸೋಲು ರೂಢಿಯಾಗಿದೆ, ಹೆಕ್ಟರ್‌ನ ಮುಖ ನೋಡದೇ ಇರುವುದು ರೂಢಿಯಿಲ್ಲ.

ವಾಪಸ್ ಡ್ರೈವ್ ಮಾಡುವಾಗ ಕೇಳಿಯೇಬಿಟ್ಟೆ.

"ಅಪ್ಪಾ, ಅಂಗಳದಾಗ ದಿನಾ ನೋಡ್ತಿದ್ರಿ. ಮೊದಲ ಯಾಕ ಹೇಳಲಿಲ್ರಿ?"

ಅಪ್ಪ ಕಿಟಕಿಯ ಗಾಜು ಏರಿಸಿದರು.

"ಮನ್ಯಾಗ ನಾ ನಿಮ್ಮಪ್ಪ ಇದ್ನಿ, ಚನ್ನವೀರ. ಕಾಣಲಿಲ್ಲ. ಅಲ್ಲೆ ಅಂಪೈರನ ಬಿಳಿ ಕೋಟು ಹಾಕ್ಕೊಂಡು ನಿಂತ ಮ್ಯಾಲೆ ಕಂಡ್ತು."

ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ಅನ್ನುವ ಮನುಷ್ಯರೂ ಅಲ್ಲ. ಅವರು ಕರೆದದ್ದು ಸರಿಯಾಗಿಯೇ ಇತ್ತು, ನನಗೆ ಕಷ್ಟವಾದದ್ದೂ ಅದೇ. ಕಣ್ಣು ತುಂಬಿ ಫ್ರೀವೇ ಮಸುಕಾಯಿತು. ರೈಟ್ ಲೇನಿಗೆ ಬಂದು ನಿಧಾನವಾಗಿ ಓಡಿಸಿದೆ.

ಜೂನ್ 4

ನಮ್ಮದೇ ಗ್ರೌಂಡ್. ಬುಧವಾರ ಅಪ್ಪನ ಫ್ಲೈಟ್. ಕಾರಿಳಿದು ಥರ್ಡ್ ಬೇಸ್ ಕಡೆಗೇ ಹೊರಟರು. ಅರ್ಧ ದಾರಿಗೆ ನಿಂತರು. ತಿರುಗಿ ಬಂದು ಬ್ಯಾಟರ್ ಹಿಂದೆ, ನೆರಳಲ್ಲಿ, ಶಾಮಲಾ ಪಕ್ಕ ಕೂತರು. ಅಲ್ಲಿಂದ ಕೈ ಬಾಗುವುದು ಅಷ್ಟಾಗಿ ಕಾಣುವುದಿಲ್ಲ. ಚೆಂಡು ಬರುವುದು ಕಾಣುತ್ತದೆ.

ಸೋತೆವು. ಟ್ಯಾಕೋ ಆಯಿತು. ಅಪ್ಪನಿಗೆ ಮಾಂಸವಿಲ್ಲದ ಬೀನ್ಸಿನದು, ಹೆಕ್ಟರ್ ತಾನೇ ತಂದುಕೊಟ್ಟ.

ಈಗ ಶಾಮಲಾ ಹೇಳುತ್ತಾಳೆ — ನಾನು ಕೈ ಎತ್ತಿದಾಗೆಲ್ಲ ಅಪ್ಪ ಏನೋ ಗೊಣಗುತ್ತಿದ್ದರಂತೆ. ಏನಂತ ಎಂದು ಕೇಳಿದೆ.

"ಹಾಕಪಾ, ಹಾಕು ಅಂತಿದ್ರು ರೀ. ಯಾಕೆ?"

ಧಾರವಾಡದ ಅಂಗಳದಲ್ಲಿ ದಿನಾ ಸಂಜೆ, ಎಂದು ಅವಳಿಗೆ ಹೇಳತೊಡಗಿದೆ.