ಅಮ್ಮ ಕಾಯುವ ಸದ್ದು

ಅಪ್ಪಾ,

ನಿಮ್ಮ ಹಳೆಯ ಕಾರಿಗೆ ಇವತ್ತು ಬೇರೆ ಎಂಜಿನ್, ಬೇರೆ ಗೇರ್‌ಬಾಕ್ಸ್ ಕೂರಿಸಿದರು. "ಹಳೇದು ಇನ್ನೂ ಗಟ್ಟಿ ಇದೆಯಲ್ಲಣ್ಣ, ರಿಪೇರಿ ಮಾಡ್ಕೊಡ್ತಿದ್ದೆ" ಎಂದ ಮೆಕ್ಯಾನಿಕ್. ನಾನು ಬೇಡವೆಂದೆ.

ನಿಮ್ಮ ಗೊರಕೆಯಂತೆಯೇ ಇದೆಯೆಂದು ಅಮ್ಮ ರೇಗಿಸುತ್ತಿದ್ದ ಆ ಎಂಜಿನ್ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ನೀವು ಹೋದ ಮೇಲೂ ಓಡಿಬಂದು ಗೇಟು ತೆಗೆಯುತ್ತಿದ್ದಳು. ಇಳಿದವನು ನಾನೆಂದು ಕಂಡಾಗ ಅವಳ ಮುಖ ಬಾಡುವುದನ್ನು ದಿನವೂ ನೋಡಲಾಗುತ್ತಿರಲಿಲ್ಲ.

ಇವತ್ತು ಗೇಟು ನಾನೇ ತೆಗೆದೆ. ಅಮ್ಮ ಬಾಗಿಲ ಬಳಿಯ ಕುರ್ಚಿಯಿಂದ ಏಳಲಿಲ್ಲ.

"ಕಾರು ಬಂತಲ್ಲಮ್ಮಾ."

"ಅದು ಯಾರದ್ದೋ. ನಮ್ಮದು ಬಂದ್ರೆ ನಂಗೆ ಗೊತ್ತಾಗಲ್ವಾ? ಸುಮ್ನಿರು, ಕೇಳಿಸ್ಕೋಬೇಕು."

ಕತ್ತಲಾದರೂ ಅವಳು ಏಳಲಿಲ್ಲ. ಪಕ್ಕದಲ್ಲಿ ಕೂತು ನಾನೂ ತಿರುವಿನ ಕಡೆ ಕಿವಿಗೊಟ್ಟೆ.